ಪ್ಲೇಟಿನ ಚೆಲುವಿಗೆ ಮರುಳಾಗಬೇಡ

ರಟ್ಟಿನ ಮೇಲೆ ಚೂರುಪಾರು ಅಂಟಿಸಿ ಅಚ್ಚು ತೆಗೆಯುವ ಕೊಲಾಗ್ರಾಫ್ ಕಲಿಯಲು ಹೊರಟಿದ್ದೀಯ, ಸಂತೋಷ ಮಗೂ. ತಾಮ್ರದ ತಗಡು ಬೇಡ, ಆಸಿಡ್ ಬೇಡ. ಒಂದು ತುಂಡು ರಟ್ಟು, ಒಂದು ಡಬ್ಬ ಫೆವಿಕಾಲ್, ಮನೆಯಲ್ಲಿ ಬಿದ್ದಿರುವ ಚೂರುಪಾರು ಇದ್ದರೆ ಕೆಲಸ ಶುರು. ಅಪಾಯ ಇರುವುದೂ ಅಲ್ಲೇ. ಸಾಮಾನು ಅಗ್ಗವಾದರೆ ಕಂಡದ್ದನ್ನೆಲ್ಲ ಅಂಟಿಸುವ ಚಪಲ ಹುಟ್ಟುತ್ತದೆ. ಗೋಣಿಯ ತುಂಡು, ಲೇಸು, ದಾರ, ಒಣಗಿದೆಲೆ ಎಲ್ಲ ಸೇರಿ ಪ್ಲೇಟು ಮದುವೆಮನೆಯ ಚಪ್ಪರದಂತೆ ಕಂಗೊಳಿಸುತ್ತದೆ. ಅಚ್ಚು ತೆಗೆದು ನೋಡಿದರೆ ಬರೀ ಮಸಿಯ ಮುದ್ದೆ.

ಒಂದು ಮಾತು ಮನಸ್ಸಿನಲ್ಲಿಟ್ಟುಕೋ. ನೀನು ಅಂಟಿಸಿದ್ದು ಚಿತ್ರವಲ್ಲ, ಮಸಿ ನಿಂತದ್ದು ಚಿತ್ರ. ನುಣುಪಾದ ಕಡೆ ಮಸಿ ನಿಲ್ಲುವುದಿಲ್ಲ, ಒರೆಸಿದರೆ ಹೊರಟುಹೋಗಿ ಬಿಳುಪು ಉಳಿಯುತ್ತದೆ. ಒರಟಾದ ಕಡೆ ಅಡಗಿ ಕೂತು ಕಪ್ಪಾಗಿ ಬರುತ್ತದೆ. ರಟ್ಟಿನ ಮೇಲ್ಪದರವನ್ನು ಚಾಕುವಿನಿಂದ ಕೊಯ್ದು ಸುಲಿದರೆ ಒಳಗಿನ ನಾರು ಮಸಿ ಹೀರುತ್ತದೆ. ಅದರ ಪಕ್ಕದಲ್ಲೇ ಬ್ರಷ್ಷಿನಿಂದ ಗೋಂದು ಬಳಿದರೆ ಅಷ್ಟು ಜಾಗ ಬೆಳ್ಳಗಾಗುತ್ತದೆ. ಗೋಂದಿನ ಮೇಲೆ ಕಾರ್ಬೊರಂಡಮ್ ಎಂಬ ಒರಟು ಪುಡಿ ಉದುರಿಸಿದರೆ ಕಾಡಿಗೆಗಪ್ಪು. ಹೀಗಾಗಿ ಕಣ್ಣಿಗಿಂತ ಬೆರಳ ತುದಿಯನ್ನು ಹೆಚ್ಚು ನಂಬು.

ಈ ವಿದ್ಯೆ ಎಲ್ಲಿಗೆ ಮುಟ್ಟಬಲ್ಲದೆಂದು ತಿಳಿಯಲು ಕಲಾವಿದೆ ಬೆಲ್ಕಿಸ್ ಅಯೋನ್ ಮಾಡಿದ ಅಚ್ಚುಗಳನ್ನು ಹುಡುಕಿ ನೋಡು. ಹುಟ್ಟಿದ್ದು 1967ರಲ್ಲಿ, ಕ್ಯೂಬಾದ ಹವಾನಾದಲ್ಲಿ. ಸೋವಿಯತ್ ಒಕ್ಕೂಟ ಕುಸಿದು ಕ್ಯೂಬಾದಲ್ಲಿ ಎಲ್ಲಕ್ಕೂ ತತ್ವಾರ ಬಂದಿದ್ದ ದಿನಗಳಲ್ಲಿ ಆಕೆ ರಟ್ಟು, ಉಪ್ಪುಕಾಗದ, ಕಾರ್ಬೊರಂಡಮ್‌ಗಳನ್ನೇ ಹಿಡಿದು ಕೆಲಸ ಮಾಡಿದಳು. ಗಂಡಸರಿಗೆ ಮಾತ್ರ ಪ್ರವೇಶವಿರುವ ಅಬಾಕುವಾ ಎಂಬ ಗುಪ್ತ ಪಂಥದ ಕಥೆಗಳು ಅವಳ ವಸ್ತು. ಪಂಥದ ಗುಟ್ಟು ತಿಳಿದ ತಪ್ಪಿಗೆ ಬಲಿಯಾದ ಸಿಕಾನ್ ಎಂಬ ಹೆಣ್ಣು ಮತ್ತೆ ಮತ್ತೆ ಬರುತ್ತಾಳೆ, ಕಣ್ಣುಂಟು, ಬಾಯಿಲ್ಲ. ಹಲವು ಹಾಳೆ ಜೋಡಿಸಿದ ಗೋಡೆಯಗಲದ ಆ ಚಿತ್ರಗಳಲ್ಲಿ ಕಪ್ಪಿನಿಂದ ಬಿಳಿಯವರೆಗೆ ಎಷ್ಟೊಂದು ಮೆಟ್ಟಿಲು! ಮೀನಿನ ಹುರುಪೆ, ಹಾವಿನ ಚರ್ಮ, ಬಟ್ಟೆ ಎಲ್ಲವೂ ಮೇಲ್ಮೈಯ ಒರಟುತನದ ಲೆಕ್ಕಾಚಾರ.

ಇನ್ನು ಕೈಕೆಲಸದ ಮಾತು. ಎತ್ತರ ಕಟ್ಟಬೇಡ. ಪ್ಲೇಟಿನ ಮೇಲೆ ಉಬ್ಬು ಎರಡು ಮಿಲಿಮೀಟರ್ ದಾಟಿದರೆ ಕಾಗದ ಹರಿಯಬಹುದು, ಪ್ರೆಸ್ಸಿನ ಕಂಬಳಿಯೂ ಹಾಳಾದೀತು. ಉಬ್ಬಿನ ಸುತ್ತ ಮಸಿ ತುಂಬಿ ಪಕ್ಕದ ಸೂಕ್ಷ್ಮ ಗೆರೆಗಳೆಲ್ಲ ಮುಳುಗುತ್ತವೆ. ರಟ್ಟಿನ ನಾಲ್ಕು ಅಂಚನ್ನೂ ಓರೆಯಾಗಿ ಹೆರೆ.

ಅಂಟಿಸಿದ್ದು ರಾತ್ರಿಯಿಡೀ ಭಾರದಡಿ ಒಣಗಲಿ. ಆಮೇಲೆ ಅರಗಿನ ವಾರ್ನಿಷ್ ಆದ ಶೆಲಾಕ್ ಅನ್ನು ತೆಳುವಾಗಿ ಎರಡು ಸಲ ಬಳಿ. ದಪ್ಪ ಬಳಿದರೆ ಒರಟೆಲ್ಲ ಮುಚ್ಚಿಹೋಗುತ್ತದೆ. ಬೆನ್ನಿಗೂ ಬಳಿಯುವುದನ್ನು ಮರೆಯಬೇಡ. ಇಲ್ಲದಿದ್ದರೆ ಅಚ್ಚಿಗಿಡುವ ಒದ್ದೆ ಕಾಗದದ ತೇವ ಹೀರಿ ರಟ್ಟು ಉಬ್ಬುತ್ತದೆ. ಕೆಲಸ ಮುಗಿದ ಮೇಲೆ ಸ್ಪಿರಿಟ್ ಹಾಕಿ ತೊಳೆದೀಯ, ಜೋಕೆ, ಶೆಲಾಕ್ ಕರಗಿಬಿಡುತ್ತದೆ. ಅಡುಗೆ ಎಣ್ಣೆ ಸವರಿ ಒರೆಸಿದರೆ ಸಾಕು.

ಮಸಿ ಒರೆಸುವುದೇ ಅರ್ಧ ವಿದ್ಯೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮಸಿಯನ್ನು ಸಂದುಗೊಂದಿಗೆಲ್ಲ ತುಂಬು. ಗಂಜಿ ಹಾಕಿದ ತೆಳುಬಟ್ಟೆಯನ್ನು ಉಂಡೆ ಮಾಡಿ, ಅಮುಕದೆ, ಸುತ್ತುಸುತ್ತಾಗಿ ಒರೆಸು. ಬೆಳಕು ಬೇಕಾದ ಕಡೆ ಬೆರಳಿಗೆ ಬಟ್ಟೆ ಸುತ್ತಿ ಇನ್ನೊಮ್ಮೆ ಸವರು. ಅವಸರಪಟ್ಟರೆ ಚಿತ್ರವೆಲ್ಲ ಬೂದಿ ಬಣ್ಣ. ವಿಪರೀತ ಒರೆಸಿದರೆ ಕಪ್ಪಿನ ಜೀವವೇ ಹೋಗುತ್ತದೆ. ಒಂದೇ ಪ್ಲೇಟಿನ ಎರಡು ಅಚ್ಚು ಬೇರೆ ಬೇರೆ ಬಂದರೆ ದೂರಬೇಕಾದ್ದು ಪ್ಲೇಟನ್ನಲ್ಲ, ನಿನ್ನ ಕೈಯನ್ನು. ರಟ್ಟು ಲೋಹದಷ್ಟು ಬಾಳುವುದಿಲ್ಲ. ಮೊದಲ ಅಚ್ಚುಗಳನ್ನೇ ಗಮನವಿಟ್ಟು ತೆಗೆ.

ಮೊದಲ ಪಾಠ ಇದು. ಅಂಗೈಯಗಲದ ರಟ್ಟಿನಲ್ಲಿ ಆರು ಮನೆ ಗೀರು. ಒಂದನ್ನು ಹಾಗೇ ಬಿಡು, ಒಂದಕ್ಕೆ ಗೋಂದು ಬಳಿ, ಒಂದರ ಪದರ ಸುಲಿ. ಉಳಿದ ಮೂರಕ್ಕೆ ಬಟ್ಟೆ, ಉಪ್ಪುಕಾಗದ, ಕಾರ್ಬೊರಂಡಮ್. ಶೆಲಾಕ್ ಬಳಿದು, ಕಪ್ಪು ಮಸಿ ಒಂದರಲ್ಲೇ ಅಚ್ಚು ತೆಗೆದು ಗೋಡೆಗೆ ಅಂಟಿಸಿಕೋ. ಕಣ್ಣು ಮುಚ್ಚಿ ಮುಟ್ಟಿದರೂ ಯಾವ ಮನೆ ಎಷ್ಟು ಕಪ್ಪಾಗುತ್ತದೆಂದು ಹೇಳಬಲ್ಲೆಯಾ? ಅದು ಸಾಧ್ಯವಾಗುವವರೆಗೆ ಬಣ್ಣದ ಡಬ್ಬದ ಮುಚ್ಚಳ ತೆಗೆಯಬೇಡ.