ನಿಜ ಬೇರೆ, ತೀರ್ಪು ಬೇರೆ

ಮಕ್ಕಳೇ,

ಮಂಗಳೂರಿನಲ್ಲಿ ಬೆಳೆದ ನಿಮಗೆ ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಇರುತ್ತದೆ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಅಷ್ಟಿಷ್ಟು ಮಲಯಾಳ, ಹಿಂದಿ. ಹೀಗೆ ನಾಲ್ಕು ಭಾಷೆಯಲ್ಲಿ ಜಗಳ ಮಾಡಬಲ್ಲ ಹುಡುಗಿ ಕಾಲೇಜಿನ ಮೊದಲ ವರ್ಷ ಉತ್ತರ ಗೊತ್ತಿದ್ದೂ ಬೆಂಚು ಬಿಟ್ಟು ಏಳುವುದಿಲ್ಲ. ಇಂಗ್ಲಿಷ್ ತೊದಲಿದರೆ ನಗುತ್ತಾರೆಂಬ ಅಂಜಿಕೆ. ‘ನನ್ನಿಂದ ಆಗಲಿಕ್ಕಿಲ್ಲ’ ಎಂದು ಒಳಗೆ ಯಾರೋ ಹೇಳುತ್ತಾರೆ, ಅವಳು ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತಾಳೆ. ಪಿಯುಸಿಯಲ್ಲಿ ಅಂಕ ಕಡಿಮೆ ಬಂದ ಹುಡುಗನಿಗೂ, ಕೆಲಸದ ಸಂದರ್ಶನದಿಂದ ಬರಿಗೈಯಲ್ಲಿ ಬಂದವನಿಗೂ ಹೇಳುವುದು ಆ ಒಬ್ಬರೇ. ಅವರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ, ಕೇಳಿ.

ಹರೇಕಳ ಹಾಜಬ್ಬರ ಕತೆ ನಿಮಗೆ ಬಾಯಿಪಾಠವಾಗಿರಬೇಕು. ಶಾಲೆಯ ಮೆಟ್ಟಿಲು ಹತ್ತದ ಅವರು ಮಂಗಳೂರಿನಲ್ಲಿ ಬುಟ್ಟಿ ಹಿಡಿದು ಕಿತ್ತಳೆ ಮಾರುತ್ತಿದ್ದರು. ಒಂದು ದಿನ ವಿದೇಶಿಯರು ಇಂಗ್ಲಿಷಿನಲ್ಲಿ ಬೆಲೆ ಕೇಳಿದರು, ಇವರಿಗೆ ತಿಳಿಯಲಿಲ್ಲ, ವ್ಯಾಪಾರ ಆಗಲಿಲ್ಲ. ಮುಂದೆ 2000ರಲ್ಲಿ ಅವರ ಪ್ರಯತ್ನದಿಂದಲೇ ಅವರ ಊರು ನ್ಯೂಪಡ್ಪುವಿನಲ್ಲಿ 28 ಮಕ್ಕಳ ಶಾಲೆ ಶುರುವಾಯಿತು, 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರು ಬಂತು, 2021ರ ನವೆಂಬರಿನಲ್ಲಿ ರಾಷ್ಟ್ರಪತಿಗಳ ಮುಂದೆ ಬರಿಗಾಲಲ್ಲಿ ನಿಂತು ಅದನ್ನು ಸ್ವೀಕರಿಸಿದರು. ಸಭೆಗಳಲ್ಲಿ ಈ ಕತೆಯನ್ನು ‘ಮನಸ್ಸಿದ್ದರೆ ಮಾರ್ಗ’ ಎಂದು ಮುಗಿಸಿಬಿಡುತ್ತಾರೆ. ನಾನು ತಿರುತಿರುಗಿ ಯೋಚಿಸುವುದು ಆ ಗಿರಾಕಿಗಳು ಹೊರಟುಹೋದ ಮೇಲಿನ ಗಳಿಗೆಯನ್ನು.

ಅಂಥ ಗಳಿಗೆಯಲ್ಲಿ ಮನಸ್ಸು ಎರಡು ಮಾತು ಆಡುತ್ತದೆ. ‘ನನಗೆ ಇಂಗ್ಲಿಷ್ ಬರುವುದಿಲ್ಲ’ ಎಂಬುದು ನಿಜ. ಅದರ ಬೆನ್ನಿಗೇ ‘ನಾನು ಯಾವುದಕ್ಕೂ ಬಾರದವನು’ ಎಂದು ಬರುತ್ತದಲ್ಲ, ಅದು ತೀರ್ಪು. ಎರಡೂ ಒಂದೇ ದನಿಯಲ್ಲಿ, ಒಂದೇ ಉಸಿರಿನಲ್ಲಿ ಬರುವುದರಿಂದ ನಮಗೆ ವ್ಯತ್ಯಾಸ ತಿಳಿಯುವುದಿಲ್ಲ. ಹಾಜಬ್ಬರಿಗೆ ನಾಚಿಕೆಯಾಗಿತ್ತು, ಅದನ್ನು ಅವರು ಮುಚ್ಚಿಟ್ಟವರಲ್ಲ. ಆದರೆ ನಿಜವನ್ನು ನಿಜವೆಂದು ಒಪ್ಪಿ, ತೀರ್ಪಿಗೆ ಕಿವಿಗೊಡದೆ, ನನ್ನೂರಿನ ಮಕ್ಕಳಿಗೆ ಈ ಗತಿ ಬರಬಾರದು ಎಂದು ಕೆಲಸಕ್ಕೆ ಇಳಿದರು. ‘ನನ್ನಿಂದ ಎಲ್ಲವೂ ಸಾಧ್ಯ’ ಎಂದು ಕನ್ನಡಿ ಮುಂದೆ ಘೋಷಣೆ ಕೂಗುವುದಕ್ಕಿಂತ ಇದು ಎಷ್ಟೋ ಗಟ್ಟಿಯಾದ ದಾರಿ.

ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಯ ರೋಗಿಗಳ ಮಾತು ಕೇಳುತ್ತ ಇದನ್ನೇ ಗಮನಿಸಿದರು. ಕರೆಯದೆ ಬರುವ ಯೋಚನೆಗಳನ್ನು ರೋಗಿ ಪರೀಕ್ಷಿಸದೆ ನಂಬುತ್ತಾನೆ. ಅವುಗಳಿಗೆ ಆಧಾರವೇನೆಂದು ಕೇಳಲು ಕಲಿಸಿದರೆ ಭಾರ ಇಳಿಯುತ್ತದೆ. ಇದರ ಮೇಲೆಯೇ ಒಂದು ಚಿಕಿತ್ಸಾ ಪದ್ಧತಿ ಬೆಳೆಯಿತು. ಆದರೆ ಆಧಾರ ಕೇಳಬೇಕಾದರೆ ಮೊದಲು ಯೋಚನೆ ಬಂದದ್ದು ಗೊತ್ತಾಗಬೇಕಲ್ಲ? ಧ್ಯಾನ ಬೇಕಾಗುವುದು ಅಲ್ಲಿ.

ಬೆಳಿಗ್ಗೆ ಮೊಬೈಲ್ ಮುಟ್ಟುವ ಮೊದಲು ಹತ್ತು ನಿಮಿಷ ಸುಮ್ಮನೆ ಕುಳಿತು ಉಸಿರು ಬಂದು ಹೋಗುವುದನ್ನು ಗಮನಿಸಿ. ಮನಸ್ಸು ಖಾಲಿ ಮಾಡುತ್ತೇನೆಂದು ಹೊರಡಬೇಡಿ, ಅದು ಆಗುವ ಕೆಲಸವಲ್ಲ. ಗಮನ ಪರೀಕ್ಷೆಗೆ ಓಡುತ್ತದೆ, ನಿನ್ನೆ ಗೆಳೆಯ ಆಡಿದ ಮಾತಿಗೆ ಓಡುತ್ತದೆ. ಓಡಿದ್ದು ತಿಳಿದಾಗ ಬೈಯದೆ ಉಸಿರಿಗೆ ಕರೆತನ್ನಿ. ಓಡಿದ್ದು ತಿಳಿಯಿತಲ್ಲ, ಅಭ್ಯಾಸವೆಂದರೆ ಅಷ್ಟೇ. ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಕಂಡಕ್ಟರುಗಳು ತೊಕ್ಕೊಟ್ಟು, ಸುರತ್ಕಲ್ ಎಂದು ಕೂಗುತ್ತಲೇ ಇರುತ್ತಾರೆ. ಕೂಗಿದ ಬಸ್ಸಿಗೆಲ್ಲ ನಾವು ಹತ್ತುತ್ತೇವೆಯೇ? ‘ನನ್ನಿಂದ ಆಗಲಿಕ್ಕಿಲ್ಲ’ ಎಂಬ ಕೂಗು ಬಂದಾಗಲೂ ಬಂತು ಎಂದು ತಿಳಿಯಿರಿ, ಹತ್ತಬೇಡಿ. ಸಂಜೆ ಒಂದು ನೋಟು ಪುಸ್ತಕದ ಎಡಗಡೆ ಆದ ಸಂಗತಿ ಬರೆಯಿರಿ, ಬಲಗಡೆ ಮನಸ್ಸು ಕೊಟ್ಟ ತೀರ್ಪು ಬರೆಯಿರಿ. ‘ಗಣಿತದಲ್ಲಿ ಎರಡು ಲೆಕ್ಕ ಬಿಟ್ಟೆ’ ಎಡಕ್ಕೆ, ‘ನಾನು ದಡ್ಡ’ ಬಲಕ್ಕೆ. ಕೆಲವು ವಾರದಲ್ಲಿ ಬಲಗಡೆಯ ವಾಕ್ಯಗಳೆಲ್ಲ ಒಂದರಂತೆ ಒಂದಿರುವುದು ನಿಮಗೇ ಕಾಣುತ್ತದೆ. ದಿನವೂ ಬೇರೆಬೇರೆ ಸಂಗತಿಗೆ ಒಂದೇ ತೀರ್ಪು ಕೊಡುವ ನ್ಯಾಯಾಧೀಶರನ್ನು ಎಷ್ಟು ನಂಬಬೇಕು, ನೀವೇ ಹೇಳಿ.

ಇದೆಲ್ಲ ಆ್ಯಪ್‌ಗಳ ಜೊತೆ ಬಂದ ಫ್ಯಾಷನ್ ಎನಿಸಿದರೆ ಒಮ್ಮೆ ಕದ್ರಿ ಗುಡ್ಡಕ್ಕೆ ಹೋಗಿ ಬನ್ನಿ. ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದಲ್ಲಿ ಆಳುಪ ದೊರೆ ಕುಂದವರ್ಮನ ಕಾಲದ, ಕ್ರಿ.ಶ. 968ರ ಶಾಸನವಿದೆ. ಅದರಲ್ಲಿ ಕದಿರಿಕಾ ವಿಹಾರದ ಹೆಸರು ಬರುತ್ತದೆ. ಬೌದ್ಧರ ನೆನಪಿರುವ ಅದೇ ಗುಡ್ಡದಲ್ಲಿ ನಾಥಪಂಥದ ಜೋಗಿಗಳ ಮಠವೂ ಇದೆ. ಬೌದ್ಧರ ಇಂಥ ಧ್ಯಾನವನ್ನೇ 1979ರಲ್ಲಿ ಜಾನ್ ಕಬಾಟ್-ಝಿನ್ ಎಂಬವರು ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ನೋವು, ಒತ್ತಡಗಳಿಂದ ಬಳಲುವ ರೋಗಿಗಳಿಗೆ ಕಲಿಸಲು ಶುರುಮಾಡಿದರು.

ಇನ್ನೊಂದು ಮಾತು ಹೇಳದೆ ಬಿಟ್ಟರೆ ನನ್ನ ಬುದ್ಧಿಮಾತು ಅರ್ಧವಾದೀತು. ‘ನಿನ್ನಿಂದಾಗದು’ ಎಂಬ ದನಿ ಎಲ್ಲರಿಗೂ ಒಳಗಿನಿಂದ ಹುಟ್ಟುವುದಿಲ್ಲ. ನಮ್ಮ ಪುರಭವನಕ್ಕೆ ಹೆಸರಾಗಿರುವ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದಾಗ, ಆ ಮಕ್ಕಳಿಗೆ ಊರೇ ಹಾಗೆ ಹೇಳುತ್ತಿತ್ತು. ರಾಯರು ಅವರಿಗೆ ಧೈರ್ಯ ಹೇಳಿ ಸುಮ್ಮನಾಗಲಿಲ್ಲ. ಶಾಲೆ ತೆರೆದರು, ಕೈಕಸುಬು ಕಲಿಸಿದರು, ಸ್ವಜಾತಿಯವರ ಬಹಿಷ್ಕಾರ ಉಂಡರು. ಫೀಸಿಗೆ ಹಣವಿಲ್ಲದವನಿಗೆ, ಜಾತಿಯ ಚುಚ್ಚುಮಾತು ಕೇಳುವವನಿಗೆ ‘ಉಸಿರು ಗಮನಿಸು ಮಾರಾಯ’ ಎನ್ನುವುದು ನ್ಯಾಯವಲ್ಲ. ಅಲ್ಲಿ ಮಾಡಬೇಕಾದ್ದು ಜೊತೆಗೆ ನಿಲ್ಲುವ ಕೆಲಸ.

ಹಾಗೆಯೇ, ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನಿಸಿದರೆ, ಮದ್ದು ಮಾಡಬೇಕಾದ ಕೆಲಸವನ್ನು ಧ್ಯಾನಕ್ಕೆ ಒಪ್ಪಿಸಬೇಡಿ. 2022ರ ಅಕ್ಟೋಬರಿನಿಂದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಹಗಲಿರುಳೆನ್ನದೆ, ಪುಕ್ಕಟೆಯಾಗಿ, ಕನ್ನಡದಲ್ಲೇ ಮಾತಾಡಬಹುದು. ಜ್ವರ ಬಂದರೆ ಡಾಕ್ಟರ ಬಳಿ ಹೋಗಲು ನಾಚುವುದಿಲ್ಲ, ಇದಕ್ಕೂ ನಾಚಬೇಡಿ.

ಕೊನೆಯದಾಗಿ ಒಂದು ಜವಾಬ್ದಾರಿ. ನಿಮ್ಮ ಒಳಗಿನ ದನಿಯನ್ನು ಚೆನ್ನಾಗಿ ಕೇಳಿಸಿಕೊಂಡರೆ ಅದರಲ್ಲಿ ಯಾವುದೋ ಮಾವನದೋ ಮೇಷ್ಟ್ರದೋ ಹಳೆಯ ಮಾತು ಸಿಕ್ಕೀತು. ನಾವು ದೊಡ್ಡವರು ಯೋಚಿಸದೆ ಆಡಿದ್ದು. ನೀವೂ ಈಗ ಕೆಲವರಿಗೆ ಅಣ್ಣ, ಅಕ್ಕ. ತಂಗಿ ಲೆಕ್ಕ ತಪ್ಪಿದಾಗ ‘ನಿನಗೆ ಗಣಿತ ಹತ್ತುವುದಿಲ್ಲ’ ಎನ್ನಬೇಡಿ. ‘ಈ ಸಾಲಿನಲ್ಲಿ ತಪ್ಪಿದೆ, ಇನ್ನೊಮ್ಮೆ ಮಾಡು’ ಎನ್ನಿ. ಮೊದಲನೆಯದನ್ನು ಅವಳು ಎಷ್ಟೋ ವರ್ಷ ಹೊರುತ್ತಾಳೆ. ಎರಡನೆಯದನ್ನು ಹತ್ತು ನಿಮಿಷದಲ್ಲಿ ಸರಿಮಾಡಿ ಆಟಕ್ಕೆ ಓಡುತ್ತಾಳೆ.