ಮಾಹಿತಿಯ ಭಂಡಾರವನ್ನು ಕಾಯುವವರು

ಶಾಲೆಯ ದಾಖಲಾತಿ ಪುಸ್ತಕದಲ್ಲಿ ಒಬ್ಬ ಬಾಲಿಕೆಯ ಜನ್ಮದಿನವು ತಪ್ಪಾಗಿ ಬರೆಯಲ್ಪಟ್ಟರೆ ಆ ತಪ್ಪು ಅವಳನ್ನು ಬಹುಕಾಲ ಹಿಂಬಾಲಿಸುವದು. ಈಗ ಬೇಂಕು, ಆಸ್ಪತ್ರೆ, ರೈಲ್ವೆ ಮುಂತಾದವುಗಳ ದಾಖಲೆಗಳು ಹೆಚ್ಚಾಗಿ ಕಂಪ್ಯೂಟರಿನೊಳಗಣ ಡೇಟಾಬೇಸ್ ಎಂಬ ಭಂಡಾರದಲ್ಲಿರುತ್ತವೆ. ಅದನ್ನು ಕಾಯುವವರಿಗೆ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ ಎಂದು ಹೆಸರು. ನಮ್ಮ ಹೆಣ್ಣುಮಕ್ಕಳು ಈ ಉದ್ಯೋಗಕ್ಕೆ ಹೋಗುವದಾದರೆ ಅದರ ಹೊಣೆಯನ್ನು ತಾಯಿತಂದೆಗಳೂ ಅರಿತಿರುವದು ಒಳ್ಳೇದು.

ಇವರ ಕರ್ತವ್ಯಗಳು ಮುಖ್ಯವಾಗಿ ನಾಲ್ಕು.

ಒಂದನೆಯದು, ಕ್ರಮ. ಮಾಹಿತಿಯನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಲ್ಲಿ ಇಡುವ ಪದ್ಧತಿಯನ್ನು 1970ರಲ್ಲಿ ಐಬಿಎಂ ಕಂಪೆನಿಯ ಎಡ್ಗರ್ ಕಾಡ್ ಎಂಬವರು ಪ್ರಕಟಿಸಿದರು. ಅದು ಇಂದಿಗೂ ವಿಶೇಷವಾಗಿ ಬಳಕೆಯಲ್ಲಿದೆ.

ಎರಡನೆಯದು, ಶೀಘ್ರತೆ. ಗ್ರಂಥದ ಕೊನೆಯ ಅಕಾರಾದಿ ಸೂಚಿಯಂತೆ ಇಲ್ಲಿಯೂ ಸೂಚಿಗಳುಂಟು. ಆದರೆ ಅವು ಹೆಚ್ಚಿದಷ್ಟು ಹೊಸ ಬರವಣಿಗೆ ನಿಧಾನವಾಗುವದು. ಆದಕಾರಣ ಮಿತಿ ತಿಳಿದಿರಬೇಕು.

ಮೂರನೆಯದು, ಅಧಿಕಾರ. ಯಾರು ಓದಬಹುದು, ಯಾರು ತಿದ್ದಬಹುದು ಎಂಬದನ್ನು ನಿಯಮಿಸಿ, ಅವರವರ ಕೆಲಸಕ್ಕೆ ಬೇಕಾದಷ್ಟೇ ಅಪ್ಪಣೆಯನ್ನು ಕೊಡಬೇಕು.

ನಾಲ್ಕನೆಯದೂ ಎಲ್ಲಕ್ಕಿಂತ ದೊಡ್ಡದೂ ಯಾವದೆಂದರೆ, ಪ್ರತಿಗಳನ್ನು ತೆಗೆದಿಡುವದು. ಇದರಲ್ಲಿ ಅಜಾಗ್ರತೆಯಾದರೆ ಏನಾಗುವದೆಂಬದಕ್ಕೆ ಒಂದು ದೃಷ್ಟಾಂತವುಂಟು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಕಂಪೆನಿಯ ಕೆಲಸಗಾರರೊಬ್ಬರು ರಾತ್ರಿಯ ಹೊತ್ತಿನಲ್ಲಿ, ಎರಡನೆಯ ಯಂತ್ರದಲ್ಲಿ ಅಳಿಸಬೇಕಾದುದನ್ನು ಮುಖ್ಯ ಯಂತ್ರದಲ್ಲಿ ಅಳಿಸಿಬಿಟ್ಟರು. ಸುಮಾರು 300 ಗಿಗಾಬೈಟ್ ಮಾಹಿತಿ ಕ್ಷಣಮಾತ್ರದಲ್ಲಿ ಇಲ್ಲವಾಯಿತು. ಪ್ರತಿಗಳಿಗಾಗಿ ಹುಡುಕಿದರೆ ಅವುಗಳನ್ನು ಇಡುವ ಸ್ಥಳವು ಬರಿದಾಗಿತ್ತು. ಪ್ರತಿ ತೆಗೆಯುವ ಸಾಧನವು ಡೇಟಾಬೇಸಿನ ಹೊಸ ಆವೃತ್ತಿಗೆ ಹೊಂದದೆ ಮೊದಲೇ ವಿಫಲವಾಗಿತ್ತು. ಅದನ್ನು ತಿಳಿಸುವ ಎಚ್ಚರಿಕೆಯ ಇಮೇಲುಗಳು ಯಾರಿಗೂ ತಲುಪಿರಲಿಲ್ಲ. ಪರೀಕ್ಷೆಯ ಕೆಲಸಕ್ಕೆಂದು ಸುಮಾರು ಆರು ತಾಸು ಮುಂಚೆ ತೆಗೆದಿದ್ದ ಒಂದು ಪ್ರತಿಯಿಂದ ಹೆಚ್ಚಿನದೆಲ್ಲ ಮರಳಿ ದೊರೆಯಿತು. ಆ ಆರು ತಾಸುಗಳಲ್ಲಿ ಡೇಟಾಬೇಸಿಗೆ ಸೇರಿದ ಬರಹಗಳು ಮಾತ್ರ ನಷ್ಟವಾದವು. ಕಂಪೆನಿಯವರು ನಡೆದುದೆಲ್ಲವನ್ನು ಮರೆಮಾಚದೆ ಪ್ರಕಟಿಸಿದ್ದರಿಂದ ಇತರರಿಗೂ ಪಾಠವಾಯಿತು.

ಈ ಪಾಠವೇನು? ಪ್ರತಿ ಇದೆಯೆಂದು ನಂಬಿದರೆ ಸಾಲದು. ಅದನ್ನು ಆಗಾಗ್ಗೆ ಬೇರೊಂದು ಯಂತ್ರದಲ್ಲಿ ತೆರೆದು, ಪೂರ್ಣವಾಗಿದೆಯೋ ಎಂದು ನೋಡಬೇಕು. ಒಮ್ಮೆಯೂ ತೆರೆದು ನೋಡದ ಪ್ರತಿಯು, ಎಣ್ಣೆಯಿದೆಯೋ ಇಲ್ಲವೋ ನೋಡದೆ ಮೂಲೆಯಲ್ಲಿಟ್ಟ ಲಾಂದ್ರದಂತೆ.

ಈ ಉದ್ಯೋಗಕ್ಕೆ ಎಸ್‌ಕ್ಯೂಎಲ್ ಎಂಬ ಭಾಷೆಯನ್ನೂ ಕಂಪ್ಯೂಟರಿನ ವ್ಯವಸ್ಥೆಯನ್ನೂ ಕಲಿಯಬೇಕು. ಅವುಗಳನ್ನು ಪುಸ್ತಕದಿಂದ ಕಲಿಯಬಹುದು. ಆದರೆ ಅಳಿಸುವ ಮುನ್ನ ಯಾವ ಯಂತ್ರದಲ್ಲಿದ್ದೇನೆಂದು ಎರಡು ಸಾರಿ ನೋಡುವ ತಾಳ್ಮೆ, ಮಾಡಿದ್ದನ್ನು ಬರೆದಿಡುವ ಅಭ್ಯಾಸ, ಆದದ್ದನ್ನು ಆದಂತೆ ಹೇಳುವ ಸತ್ಯಸಂಧತೆ, ಇವು ಚಿಕ್ಕಂದಿನಿಂದ ರೂಢಿಯಾಗಬೇಕಾದ ಗುಣಗಳು. ಇವುಗಳುಳ್ಳವಳಿಗೆ ಸಾವಿರಾರು ಜನರ ದಾಖಲೆಗಳನ್ನು ನಿರ್ಭಯವಾಗಿ ಒಪ್ಪಿಸಬಹುದು.