ಪ್ರಾಗ್: ಬಿಯರ್ ಊರಿನ ದ್ರಾಕ್ಷಿ ಗುಡ್ಡಗಳು

ಪ್ರಾಗ್‌ಗೆ ಹೊರಟವರಿಗೆ ಹೋಗಿಬಂದವರು ಕೊಡುವ ಮೊದಲ ಸಲಹೆ ಬಿಯರಿನದು. ಅದರಲ್ಲಿ ತಪ್ಪೇನಿಲ್ಲ. ಚೆಕ್ ಜನ ವರ್ಷಕ್ಕೆ ತಲೆಗೆ ಸುಮಾರು 125 ಲೀಟರ್ ಬಿಯರ್ ಕುಡಿಯುತ್ತಾರೆ, ಈ ಲೆಕ್ಕದಲ್ಲಿ ಜಗತ್ತಿನಲ್ಲಿ ಅವರೇ ಮುಂದು. ಪಿಲ್ಸ್ನರ್ ಬಿಯರ್ ಹುಟ್ಟಿದ್ದೂ 1842ರಲ್ಲಿ ಅದೇ ದೇಶದ ಪಿಲ್ಜೆನ್ ಊರಿನಲ್ಲಿ. ಆದರೆ ಮೂರು ನಾಲ್ಕು ದಿನ ಪ್ರಾಗ್‌ನಲ್ಲಿ ಇರುವವರು ಒಂದು ಮಧ್ಯಾಹ್ನವನ್ನಾದರೂ ವೈನಿಗೆ ಎತ್ತಿಡಬೇಕು ಎಂಬುದು ನನ್ನ ಒತ್ತಾಯ. ಚೆಕ್ ವೈನ್ ಬಹುಪಾಲು ಆ ದೇಶದೊಳಗೇ ಖರ್ಚಾಗಿಹೋಗುತ್ತದೆ. ಪ್ರಾಗ್‌ನ ಬಿಯರ್ ಬೇರೆ ದೇಶಗಳಲ್ಲಿಯೂ ಸಿಕ್ಕೀತು, ಅಲ್ಲಿನ ವೈನ್ ಸಿಗುವುದು ಅಪರೂಪ. ಇನ್ನೊಂದು ಕಾರಣ, ಅದನ್ನು ಕುಡಿಯುವ ಜಾಗಗಳು. ಊರ ನಡುವೆಯೇ ಗುಡ್ಡದ ಇಳಿಜಾರಿನಲ್ಲಿ ದ್ರಾಕ್ಷಿತೋಟ, ಅದರ ಮಗ್ಗುಲಲ್ಲಿ ಕೂರಲು ಬೆಂಚು, ಕೆಳಗೆ ಕೆಂಪು ಹೆಂಚಿನ ಮನೆಗಳು. ಯೂರೋಪಿನ ರಾಜಧಾನಿಗಳಲ್ಲಿ ಇಂಥ ಅನುಕೂಲ ಹೆಚ್ಚು ಕಡೆ ಇಲ್ಲ.

ಈ ತೋಟಗಳು ಪ್ರವಾಸಿಗರಿಗಾಗಿ ಹುಟ್ಟಿಕೊಂಡವಲ್ಲ. ನಾಲ್ಕನೆಯ ಚಾರ್ಲ್ಸ್ ದೊರೆ 1358ರಲ್ಲಿ ಪ್ರಾಗ್ ಸುತ್ತಲಿನ ಗುಡ್ಡಗಳಲ್ಲಿ ದ್ರಾಕ್ಷಿ ನೆಡಬೇಕೆಂದು ಆಜ್ಞೆ ಹೊರಡಿಸಿದ. ನೆಟ್ಟವರಿಗೆ ತೆರಿಗೆ ವಿನಾಯಿತಿಯನ್ನೂ ಕೊಟ್ಟ. ಮುಂದಿನ ಶತಮಾನಗಳಲ್ಲಿ ನಗರದ ಗೋಡೆಯ ಹೊರಗೆಲ್ಲ ಬಳ್ಳಿ ಹಬ್ಬಿತು. 1618ರಿಂದ 1648ರವರೆಗಿನ ಮೂವತ್ತು ವರ್ಷಗಳ ಯುದ್ಧ ಬಹಳಷ್ಟನ್ನು ಹಾಳುಮಾಡಿತು. ಉಳಿದದ್ದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆಯುತ್ತಿದ್ದ ನಗರ ನುಂಗಿತು. ಇಂದು ವಿನೊಹ್ರಾಡಿ ಎಂದು ಕರೆಯುವ ಬಡಾವಣೆ ಆಗ ದ್ರಾಕ್ಷಿತೋಟಗಳ ನೆಲ. ಅಲ್ಲಿ ಈಗ ಕಾಣುವುದು ನಾಲ್ಕೈದು ಅಂತಸ್ತಿನ ಚೆಂದದ ಕಟ್ಟಡಗಳ ಸಾಲು. ಅಳಿದುಳಿದ ಕೆಲವು ಇಳಿಜಾರುಗಳಲ್ಲಿ ಮತ್ತೆ ಬಳ್ಳಿ ನೆಟ್ಟು ಬೆಳೆಸಿದ್ದಾರೆ. ನೀವು ಹುಡುಕಬೇಕಾದದ್ದು ಅವನ್ನೇ.

ಒಂದೇ ಜಾಗಕ್ಕೆ ಸಮಯವಿದ್ದರೆ ಗ್ರೇಬೊವ್ಕಾಗೆ ಹೋಗಿ. ನಕ್ಷೆಯಲ್ಲಿ ಹವ್ಲೀಚ್ಕೊವಿ ಸಾದಿ ಎಂಬ ಹೆಸರಿನಲ್ಲಿ ಕಾಣುವ ಉದ್ಯಾನವಿದು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲುಮಾರ್ಗಗಳನ್ನು ಕಟ್ಟಿಸಿ ಸಿರಿವಂತನಾದ ಮೊರಿತ್ಸ್ ಗ್ರೋಬೆ ಎಂಬಾತ ಇಲ್ಲಿ ಬಂಗಲೆ ಕಟ್ಟಿಸಿ ಸುತ್ತ ತೋಟ ಮಾಡಿಸಿದ. ಉದ್ಯಾನದ ಹೆಸರೂ ಅವನಿಂದಲೇ ಬಂತು. ಮೆಟ್ರೊದ ಎ ಮಾರ್ಗದಲ್ಲಿ ನಾಮ್ಯೆಸ್ತಿ ಮೀರು ನಿಲ್ದಾಣದಲ್ಲಿ ಇಳಿದು ಕಾಲು ಗಂಟೆ ನಡೆದರೆ ಸಾಕು. ತೋಟದ ನೆತ್ತಿಯ ಮೇಲೆ ಕೆತ್ತನೆಯ ಮರದ ಮಂಟಪವೊಂದಿದೆ. ಅದೇ ವೈನ್ ಕುಡಿಯುವ ಜಾಗ. ಕಟ್ಟೆಯ ಹತ್ತಿರದ ಮೇಜು ಹಿಡಿದು ಕುಳಿತರೆ ಕಾಲ ಬುಡದಿಂದಲೇ ಬಳ್ಳಿಯ ಸಾಲುಗಳು ಇಳಿಯುತ್ತ ಹೋಗುತ್ತವೆ, ಅವುಗಳಾಚೆ ವ್ರ್ಷೊವಿತ್ಸೆ ಬಡಾವಣೆಯ ಛಾವಣಿಗಳು. ಸುತ್ತ ಕುಳಿತವರು ಹೆಚ್ಚಿನವರು ಆ ಕೇರಿಯವರೇ: ತಳ್ಳುಗಾಡಿಯಲ್ಲಿ ಮಗುವನ್ನು ಮಲಗಿಸಿಕೊಂಡ ತಾಯಿ, ನಾಯಿ ಕರೆತಂದ ಮುದುಕ, ಕಚೇರಿಯಿಂದ ಸ್ವಲ್ಪ ಬೇಗ ಬಿಟ್ಟುಬಂದ ಹುಡುಗ ಹುಡುಗಿಯರು. ಸಂಜೆ ನಾಲ್ಕರಿಂದ ಆರರ ನಡುವಿನ ಬಿಸಿಲು ಇಲ್ಲಿಗೆ ಬಲು ಚೆನ್ನ. ಚಳಿಗಾಲದಲ್ಲಿ ಹೋಗುವವರು ಮಂಟಪ ತೆರೆದಿರುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಎರಡನೆಯದು ವ್ಲ್ತಾವಾ ನದಿಯ ಆಚೆ ದಂಡೆಯ ತ್ರೊಯಾ. ಮೆಟ್ರೊದ ಸಿ ಮಾರ್ಗದ ನಾದ್ರಾಜಿ ಹೊಲೆಶೊವಿತ್ಸೆಯಲ್ಲಿ ಇಳಿದು 112ನೇ ನಂಬರಿನ ಬಸ್ ಹತ್ತಬೇಕು. ಮೃಗಾಲಯಕ್ಕೆ ಹೋಗುವ ಬಸ್ಸೇ ಇದು, ಹಾಗಾಗಿ ಮಕ್ಕಳಿರುವ ಕುಟುಂಬಕ್ಕೆ ಎರಡೂ ಕೆಲಸ ಒಂದೇ ದಿನದಲ್ಲಿ ಮುಗಿಯುತ್ತದೆ. ಸಸ್ಯೋದ್ಯಾನಕ್ಕೆ ಸೇರಿದ ಸಂತ ಕ್ಲಾರಾ ದ್ರಾಕ್ಷಿತೋಟ ಇಲ್ಲಿ ದಕ್ಷಿಣಕ್ಕೆ ಮುಖಮಾಡಿದ ಕಡಿದಾದ ಇಳಿಜಾರಿನಲ್ಲಿದೆ, ಮೇಲ್ತುದಿಯಲ್ಲಿ ಸಂತಳ ಹೆಸರಿನ ಪುಟ್ಟ ಗುಡಿ. ಅಷ್ಟು ಉತ್ತರದ ಚಳಿ ನಾಡಿನಲ್ಲಿ ದ್ರಾಕ್ಷಿ ಹಣ್ಣಾಗುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಕಾಣುತ್ತದೆ: ದಿನವಿಡೀ ಬಿಸಿಲಿಗೆ ಒಡ್ಡಿಕೊಂಡ ಇಳಿಜಾರು, ಕೆಳಗೆ ನದಿ. ತೋಟದ ವೈನನ್ನು ಅಲ್ಲೇ ಮಾರುತ್ತಾರೆ. ಹತ್ತಿರದ ಸಾಲಬ್ಕಾ ಎಂಬ ಇನ್ನೊಂದು ತೋಟದಲ್ಲಿ ಊಟದ ಮನೆಯೂ ಉಂಟು. ಅದು ತುಸು ದುಬಾರಿ ಊಟ, ಮೊದಲೇ ಮೇಜು ಕಾದಿರಿಸಿ ಹೋಗಬೇಕಾದಂಥದ್ದು.

ಪ್ರಾಗ್ ಕೋಟೆಯ ಪೂರ್ವದ ಇಳಿಜಾರಿನಲ್ಲಿ ಸಂತ ವಾತ್ಸ್ಲಾವ್ ತೋಟವಿದೆ. ಹತ್ತನೆಯ ಶತಮಾನದಲ್ಲಿ ವಾತ್ಸ್ಲಾವ್ ದೊರೆಯೇ ಇಲ್ಲಿ ಕೆಲಸ ಮಾಡಿದನೆಂಬ ಐತಿಹ್ಯವಿದೆ. ಕೋಟೆ ನೋಡಿ ಹಳೆಯ ಮೆಟ್ಟಿಲುಗಳಲ್ಲಿ ಮಾಲೊಸ್ತ್ರಾನ್ಸ್ಕಾ ಮೆಟ್ರೊ ಕಡೆಗೆ ಇಳಿಯುವಾಗ ಪಕ್ಕದಲ್ಲೇ ಸಿಗುತ್ತದೆ. ನೋಟ ಅಪೂರ್ವ, ಜನಸಂದಣಿ ಮತ್ತು ಬೆಲೆಯೂ ಹಾಗೆಯೇ. ಒಂದು ಲೋಟಕ್ಕೆ ಸಾಕು.

ಮಳೆ ಬಂದರೆ ಅಥವಾ ರಾತ್ರಿಯಾದರೆ ಊರೊಳಗಿನ ವೈನ್ ಬಾರುಗಳಿವೆ. ಚೆಕ್ ತಳಿಗಳನ್ನು ಒಂದೊಂದಾಗಿ ರುಚಿ ನೋಡಬೇಕೆನ್ನುವವರಿಗೆ ವಿನೊಗ್ರಾಫ್ ಒಳ್ಳೆಯದು. ಲೋಟದ ಲೆಕ್ಕದಲ್ಲಿ ಸಿಗುವ ವೈನ್‌ಗಳ ಪಟ್ಟಿ ಅಲ್ಲಿ ಉದ್ದವಾಗಿರುತ್ತದೆ, ಬಡಿಸುವವರಿಗೆ ವಿಷಯ ಗೊತ್ತಿರುತ್ತದೆ. ದ್ಲೌಹಾ ಬೀದಿಯಲ್ಲಿರುವ ಬೊಕೊವ್ಕಾ ಸಿನಿಮಾ ಮಂದಿ ಸೇರಿ ಶುರುಮಾಡಿದ ಜಾಗ. ಹಳೆಯ ಅಂಗಳ ಹೊಕ್ಕು ಒಳಗೆ ಹೋಗಬೇಕು, ಮೇಣದ ಬತ್ತಿಯ ಬೆಳಕು, ಸುಣ್ಣ ಉದುರಿದ ಗೋಡೆ. ವೊದಿಚ್ಕೊವಾ ಬೀದಿಯ ಉ ಸುದು ಬೇರೆಯೇ ಲೋಕ. ಹೊರಗಿನಿಂದ ಸಾಧಾರಣವಾಗಿ ಕಂಡರೂ ಒಳಗೆ ಒಂದರೊಳಗೊಂದು ನೆಲಮಾಳಿಗೆಗಳು, ವಿದ್ಯಾರ್ಥಿಗಳ ಗಲಾಟೆ. ಉತ್ತಮ ವೈನ್ ಹುಡುಕಿ ಅಲ್ಲಿಗೆ ಹೋಗಬಾರದು, ಊರಿನ ಹರೆಯದವರ ರಾತ್ರಿ ಹೇಗಿರುತ್ತದೆಂದು ನೋಡಲು ಹೋಗಬೇಕು. ಇಂಥ ಜಾಗಗಳ ತೆರೆಯುವ ಹೊತ್ತು, ವಿಳಾಸ ಬದಲಾಗುತ್ತಿರುತ್ತವೆ. ಹೊರಡುವ ದಿನ ಫೋನಿನಲ್ಲಿ ಒಮ್ಮೆ ಪರೀಕ್ಷಿಸಿ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಇಷ್ಟವಾಗುವುದು ಬಡಾವಣೆಗಳಲ್ಲಿರುವ ಸಣ್ಣ ವಿನೊತೇಕಾ ಅಂಗಡಿಗಳು. ಗೋಡೆಗೆ ನಾಲ್ಕೈದು ಪೀಪಾಯಿ ಅಥವಾ ಉಕ್ಕಿನ ಡ್ರಮ್, ಅವಕ್ಕೆ ನಲ್ಲಿ. ಅಕ್ಕಪಕ್ಕದ ಮನೆಯವರು ಖಾಲಿ ಪ್ಲಾಸ್ಟಿಕ್ ಬಾಟಲಿ ಹಿಡಿದು ಬಂದು, ಹಾಲಿನ ಡೈರಿಯಲ್ಲಿ ತುಂಬಿಸಿಕೊಂಡಂತೆ, ಮನೆಗೆ ಬೇಕಾದಷ್ಟು ವೈನ್ ತುಂಬಿಸಿಕೊಂಡು ಹೋಗುತ್ತಾರೆ. ಇದಕ್ಕೆ ಸುದೊವೆ ವೀನೊ ಎನ್ನುತ್ತಾರೆ. ಬೆಲೆ ಕಡಿಮೆ, ಗುಣ ಅಂಗಡಿಯಿಂದ ಅಂಗಡಿಗೆ ಬೇರೆ. ಕೊಳ್ಳುವ ಮೊದಲು ಒಂದು ಗುಟುಕು ರುಚಿ ನೋಡಲು ಕೇಳಿ, ಸಾಮಾನ್ಯವಾಗಿ ಕೊಡುತ್ತಾರೆ. ಶನಿವಾರ ಬೆಳಿಗ್ಗೆ ನದಿಯ ದಂಡೆಯ ನಾಪ್ಲವ್ಕಾದಲ್ಲಿ ರೈತರ ಸಂತೆ ಸೇರುತ್ತದೆ. ಚೀಸ್, ಬ್ರೆಡ್, ಹಣ್ಣಿನ ಜೊತೆಗೆ ಅಲ್ಲಿಯೂ ವೈನ್ ಸಿಗುತ್ತದೆ.

ಏನು ಕೇಳಬೇಕು ಎಂಬುದಕ್ಕೆ ಬರೋಣ. ದೇಶದ ದ್ರಾಕ್ಷಿತೋಟಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಆಗ್ನೇಯದ ಮೊರಾವಿಯ ಸೀಮೆಯಲ್ಲಿವೆ. ಪ್ರಾಗ್ ಮತ್ತು ಸುತ್ತಲಿನ ಬೊಹೀಮಿಯದ ಪಾಲು ಪುಟ್ಟದು. ಹಾಗಾಗಿ ನಿಮ್ಮ ಲೋಟಕ್ಕೆ ಬರುವುದು ಹೆಚ್ಚಾಗಿ ಮೊರಾವಿಯದ್ದು. ಚಳಿಯ ನಾಡಾದ್ದರಿಂದ ಬಿಳಿ ವೈನ್ ಅಲ್ಲಿನ ಬಲ. ಮೊದಲ ಸಲ ಹೋದವರು ಕೆಂಪಿನ ಹಿಂದೆ ಬೀಳದೆ ಬಿಳಿಯಿಂದ ಶುರುಮಾಡುವುದು ಒಳ್ಳೆಯದು. ವೆಲ್ಟ್ಲಿನ್ಸ್ಕೆ ಜೆಲೆನೆ ಹುಳಿಮುಂದಾದ, ಕಾಳುಮೆಣಸಿನ ಘಾಟು ಸ್ವಲ್ಪವೇ ಇರುವ ವೈನ್, ಚೀಸಿನ ಜೊತೆ ಸೊಗಸು. ನಮ್ಮ ನಾಲಿಗೆಗೆ ಬೇಗ ಒಲಿಯುವುದು ಪಾಲವಾ. ಯೋಸೆಫ್ ವೆವರ್ಕಾ ಎಂಬ ತಳಿತಜ್ಞ ತ್ರಾಮಿನ್ ಮತ್ತು ಮ್ಯುಲರ್ ತುರ್ಗೌ ಬಳ್ಳಿಗಳನ್ನು ಬೆರೆಸಿ ಬೆಳೆಸಿದ ಮೊರಾವಿಯದ್ದೇ ತಳಿ ಇದು. 1977ರಲ್ಲಿ ಅಧಿಕೃತವಾಗಿ ನೋಂದಾಯಿತು. ಗುಲಾಬಿ, ಲಿಚಿ ಹಣ್ಣಿನ ಪರಿಮಳ, ತುಸು ಸಿಹಿ. ಕೆಂಪು ಬೇಕೇ ಬೇಕೆಂದರೆ ಫ್ರಾಂಕೊವ್ಕಾ ಕೇಳಿ.

ಬಾಟಲಿಯ ಚೀಟಿಯಲ್ಲಿ ಎರಡು ಸಂಗತಿ ನೋಡಿದರೆ ಸಾಕು. ಒಂದು, ಸಿಹಿಯ ಪ್ರಮಾಣ: ಸುಖೆ ಎಂದಿದ್ದರೆ ಸಿಹಿಯಿಲ್ಲದ್ದು, ಪೊಲೊಸುಖೆ ಎಂದರೆ ಸಿಹಿಯ ಛಾಯೆ ಮಾತ್ರ, ಪೊಲೊಸ್ಲಟ್ಕೆ ಅರೆಸಿಹಿ, ಸ್ಲಟ್ಕೆ ಪೂರ್ತಿ ಸಿಹಿ. ಇನ್ನೊಂದು, ಕೊಯ್ಲಿನ ಹೊತ್ತಿಗೆ ಹಣ್ಣಿನ ರಸದಲ್ಲಿದ್ದ ಸಕ್ಕರೆಯ ಆಧಾರದ ಮೇಲೆ ಕೊಡುವ ದರ್ಜೆ. ಕಬಿನೆತ್ ಹಗುರಾದದ್ದು, ಪೊಜ್ದ್ನಿ ಸ್ಬ್ಯೆರ್ ತಡವಾಗಿ ಕೊಯ್ದ ಹಣ್ಣಿನದು, ಅದರ ಮೇಲಿನದು ವೀಬ್ಯೆರ್. ಚಳಿಗಾಲದಲ್ಲಿ ಬಳ್ಳಿಯಲ್ಲೇ ಮೈನಸ್ 7 ಡಿಗ್ರಿ ಅಥವಾ ಅದಕ್ಕೂ ಕೆಳಗೆ ಹೆಪ್ಪುಗಟ್ಟಿದ ಹಣ್ಣನ್ನು ಕೊಯ್ದು ಹಿಂಡಿದ ಲೆದೊವೆ ವೀನೊ ಎಂಬುದೊಂದಿದೆ. ನೀರಿನಂಶ ಹೆಪ್ಪಾಗಿ ಹಿಂದುಳಿದು, ಗಟ್ಟಿ ಸಿಹಿ ರಸ ಮಾತ್ರ ಹೊರಬರುತ್ತದೆ. ಊಟದ ಕೊನೆಗೆ ಒಂದು ಸಣ್ಣ ಲೋಟ ಕುಡಿಯಬೇಕಾದದ್ದು. ಅಳತೆಗೆ ದೆತ್ಸಿ ಎನ್ನುತ್ತಾರೆ, ಅಂದರೆ 100 ಮಿಲಿಲೀಟರ್. ಸ್ಥಳೀಯರು ಸಾಧಾರಣವಾಗಿ ಎರಡು ದೆತ್ಸಿ ತರಿಸಿಕೊಳ್ಳುತ್ತಾರೆ. ಹಲವನ್ನು ರುಚಿ ನೋಡಬೇಕೆಂದಿದ್ದರೆ ನೀವು ಒಂದೊಂದೇ ಕೇಳಿ. ಬೇಸಿಗೆಯ ಮಧ್ಯಾಹ್ನ ವೈನಿಗೆ ಸೋಡಾ ಬೆರೆಸಿದ ವಿನ್ನಿ ಸ್ತ್ರ್ಷಿಕ್ ತರಿಸಿಕೊಂಡರೆ ಯಾರೂ ಹುಬ್ಬೇರಿಸುವುದಿಲ್ಲ, ಅದು ಅವರ ಪದ್ಧತಿಯೇ.

ಯಾವಾಗ ಹೋಗಬೇಕು ಎಂದರೆ ನನ್ನ ಉತ್ತರ ಒಂದೇ, ಸೆಪ್ಟೆಂಬರ್. ನಮ್ಮ ನಂದಿ ಬೆಟ್ಟದ ತಪ್ಪಲಿನಲ್ಲಿ ವೈನಿನ ದ್ರಾಕ್ಷಿ ಕೊಯ್ಯುವುದು ಬೇಸಿಗೆ ಕಾಲಿಡುವ ಹೊತ್ತಿಗೆ, ಅಲ್ಲಿ ಬೇಸಿಗೆ ಮುಗಿದು ಎಲೆ ಹಣ್ಣಾಗುವಾಗ. ಆಗ ಗ್ರೇಬೊವ್ಕಾ, ತ್ರೊಯಾ ಎರಡರಲ್ಲೂ ವಿನೊಬ್ರಾನಿ ಎಂಬ ಸುಗ್ಗಿಯ ಹಬ್ಬ ನಡೆಯುತ್ತದೆ. ಬೀದಿ ಬೀದಿಯಲ್ಲಿ ಬುರ್ಚಾಕ್ ಮಾರಾಟಕ್ಕೆ ಬರುವುದೂ ಆಗಲೇ. ಹಿಂಡಿದ ದ್ರಾಕ್ಷಿರಸ ಹುಳಿಯೇರಿ ವೈನಾಗುವ ಹಾದಿಯ ನಡುವೆ, ಇನ್ನೂ ನೊರೆಯಾಡುತ್ತಿರುವಾಗಲೇ ಕುಡಿಯುವ ಪಾನೀಯ ಅದು. ಮಬ್ಬು ಬಣ್ಣ, ಸಿಹಿ, ನಾಲಿಗೆಯ ಮೇಲೆ ಸಣ್ಣಗೆ ಚುರುಗುಟ್ಟುತ್ತದೆ. ಆ ದೇಶದಲ್ಲೇ ಬೆಳೆದ ದ್ರಾಕ್ಷಿಯಿಂದ ಮಾಡಿದ್ದನ್ನು ಮಾತ್ರ, ಆಗಸ್ಟ್ 1ರಿಂದ ನವೆಂಬರ್ 30ರವರೆಗೆ ಮಾತ್ರ ಈ ಹೆಸರಿನಲ್ಲಿ ಮಾರಬೇಕೆಂದು ಕಾನೂನೇ ಇದೆ. ಹಣ್ಣಿನ ರಸದಂತೆ ಗಟಗಟ ಇಳಿಯುತ್ತದೆ, ಅದೇ ಅದರ ಅಪಾಯ. ಅಮಲು ತಡವಾಗಿ, ಒಟ್ಟಿಗೇ ಏರುತ್ತದೆ, ಹೊಟ್ಟೆಯೂ ಕೆಡಬಹುದು. ಒಂದು ಲೋಟಕ್ಕೆ ನಿಲ್ಲಿಸಿ. ಬಾಟಲಿಯಲ್ಲಿ ಕೊಂಡರೆ ಮುಚ್ಚಳ ಬಿಗಿಯಬೇಡಿ: ಒಳಗೆ ಹುಳಿಯುವ ಕೆಲಸ ನಡೆದೇ ಇರುತ್ತದೆ, ಬಾಟಲಿ ಸಿಡಿದು ಬಟ್ಟೆಬರೆಯೆಲ್ಲ ಹಾಳಾಗುತ್ತದೆ. ಸೆಪ್ಟೆಂಬರ್ ತಪ್ಪಿದವರಿಗೆ ನವೆಂಬರ್ 11 ಇದೆ. ಸಂತ ಮಾರ್ಟಿನ್‌ನ ಆ ದಿನ ಬೆಳಿಗ್ಗೆ 11 ಗಂಟೆಗೆ ವರ್ಷದ ಹೊಸ ವೈನಿನ ಬಾಟಲಿಗಳನ್ನು ದೇಶಾದ್ಯಂತ ಒಟ್ಟಿಗೆ ತೆರೆಯುತ್ತಾರೆ.

ಸಸ್ಯಾಹಾರಿಗಳು ಅಂಜಬೇಕಿಲ್ಲ. ನಕ್ಲಾದನಿ ಹೆರ್ಮೆಲಿನ್ ಎಂದು ಕೇಳಿ. ಮೆದು ಚೀಸನ್ನು ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನೊಂದಿಗೆ ಎಣ್ಣೆಯಲ್ಲಿ ಊರಿಸಿಟ್ಟದ್ದು, ಬ್ರೆಡ್ಡಿನ ಜೊತೆ ಕೊಡುತ್ತಾರೆ. ಬಿಯರ್ ಅಂಗಡಿಗಳ ತಿನಿಸಾದರೂ ಬಿಳಿ ವೈನಿಗೆ ಹೊಂದುತ್ತದೆ. ಸಾರು, ಪಲ್ಯದಂಥ ತಿನಿಸಿನಲ್ಲಿ ಹಂದಿಮಾಂಸದ ಚೂರು ಅಡಗಿರುವುದುಂಟು. ‘ನೆಯೀಮ್ ಮಾಸೊ’, ಅಂದರೆ ಮಾಂಸ ತಿನ್ನುವುದಿಲ್ಲ ಎಂಬ ಒಂದು ವಾಕ್ಯ ಬಾಯಿಪಾಠ ಮಾಡಿಕೊಂಡು ಹೋಗಿ.

ಒಂದು ದಿನ ಹೆಚ್ಚಿಗೆ ಇದ್ದರೆ ಉತ್ತರದ ಮ್ಯೆಲ್ನಿಕ್‌ಗೆ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದು. ಲಾಬೆ, ವ್ಲ್ತಾವಾ ನದಿಗಳು ಕೂಡುವ ಜಾಗದ ಮೇಲೆ ಲೊಬ್ಕೊವಿತ್ಸ್ ಮನೆತನದ ಕೋಟೆಮನೆ, ಕೆಳಗೆ ಬಳ್ಳಿಯ ಇಳಿಜಾರು, ನೆಲಮಾಳಿಗೆಯಲ್ಲಿ ರುಚಿ ನೋಡುವ ಏರ್ಪಾಡು. ಎರಡು ದಿನ ಇದ್ದರಂತೂ ರೈಲು ಹತ್ತಿ ಮೊರಾವಿಯಕ್ಕೇ ಹೋಗಬೇಕು. ಬ್ರ್ಷೆತ್ಸ್ಲಾವ್‌ಗೆ ಸುಮಾರು ಮೂರು ಗಂಟೆ, ಅಲ್ಲಿಂದ ವಾಲ್ಟಿತ್ಸೆ ಹತ್ತಿರ. ಆ ಊರಿನ ಅರಮನೆಯ ನೆಲಮಾಳಿಗೆಯಲ್ಲಿ ಪ್ರತಿವರ್ಷ ತಜ್ಞರು ಆರಿಸಿದ ದೇಶದ 100 ವೈನ್‌ಗಳನ್ನು ಇಟ್ಟಿರುತ್ತಾರೆ, ಹಣ ಕಟ್ಟಿ ರುಚಿ ನೋಡಬಹುದು. 1996ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಪ್ರದೇಶವಾದ್ದರಿಂದ ವೈನ್ ಬೇಡವೆನ್ನುವ ಜೊತೆಗಾರರಿಗೂ ನೋಡಲು ಬೇಕಾದಷ್ಟಿದೆ.

ವ್ಯವಹಾರದ ಮಾತು ಕೆಲವು. ಕುಡಿಯಲು 18 ತುಂಬಿರಬೇಕು, ಎಳೆಯ ಮುಖದವರು ಗುರುತಿನ ಚೀಟಿ ಇಟ್ಟುಕೊಂಡಿರಿ. ವಾಹನ ಓಡಿಸುವವರ ರಕ್ತದಲ್ಲಿ ಮದ್ಯದ ಅಂಶ ಒಂದಿಷ್ಟೂ ಇರಬಾರದೆಂಬುದು ಅಲ್ಲಿನ ನಿಯಮ, ಸೈಕಲ್ಲಿಗೂ ಇದೇ ಅನ್ವಯ. ಟ್ರಾಮ್, ಮೆಟ್ರೊ ತಡರಾತ್ರಿವರೆಗೂ ಓಡುತ್ತವೆ, ಮೆಟ್ರೊ ನಿಂತ ಮೇಲೆ ರಾತ್ರಿ ಟ್ರಾಮ್‌ಗಳಿವೆ. 24 ಗಂಟೆಯ ಕಾಗದದ ಟಿಕೆಟ್ ಕೊಂಡರೆ ಹತ್ತುವಾಗ ಯಂತ್ರಕ್ಕೆ ತೋರಿಸಿ ಮುದ್ರೆ ಹಾಕಿಸಿಕೊಳ್ಳಲು ಮರೆಯಬೇಡಿ. ನಗರದ ಮಧ್ಯದ ಹಲವು ಬೀದಿ, ಚೌಕಗಳಲ್ಲಿ ಬಯಲಲ್ಲಿ ಕುಡಿಯುವುದಕ್ಕೆ ನಿಷೇಧವಿದೆ. ಮನೆಗೆ ತರುವವರಿಗೆ ಸುಂಕವಿಲ್ಲದೆ ತಲೆಗೆ 2 ಲೀಟರ್‌ವರೆಗೆ ಮದ್ಯ ತರಲು ನಮ್ಮ ಕಸ್ಟಮ್ಸ್ ಅವಕಾಶ ಕೊಡುತ್ತದೆ, ಅಂದರೆ 750 ಮಿಲಿಲೀಟರಿನ ಎರಡು ಬಾಟಲಿ. ಒಂದು ಪಾಲವಾ, ಇನ್ನೊಂದು ವೆಲ್ಟ್ಲಿನ್ಸ್ಕೆ ಆರಿಸಿಕೊಳ್ಳಿ. ಬಟ್ಟೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯ ನಡುವೆ ಇಟ್ಟು ಚೆಕ್-ಇನ್‌ಗೆ ಕೊಡಿ, ಬೆಂಗಳೂರಿಗೆ ಬಂದ ಮೇಲೆ ಒಂದೆರಡು ವಾರ ತಣ್ಣಗಿನ ಜಾಗದಲ್ಲಿ ಅಡ್ಡ ಮಲಗಿಸಿಟ್ಟು ಆಮೇಲೆ ತೆರೆಯಿರಿ.